ಗುಬ್ಬಿಯ ಮಾತು: ಸೊನ್ನೆ

ತೂಕ-ಅಳತೆ ಇಲಾಖೆಯ ಪರಿವೀಕ್ಷಕರಿಗೆ ಅಂಗಡಿಯವರೆಲ್ಲ ಸೇರಿ ಇಟ್ಟಿದ್ದ ಹೆಸರು ಹತ್ತೆಣಿಕೆ ಸಾಹೇಬರು ಎಂದು. ಹೆಸರಿಗೆ ಕಾರಣವಿತ್ತು. ಬೇರೆ ಪರಿವೀಕ್ಷಕರು ತಕ್ಕಡಿಯ ಮೇಲೆ ಪರೀಕ್ಷೆಯ ಕಲ್ಲು ಇಟ್ಟ ತಕ್ಷಣ ಮುಳ್ಳು ನೋಡಿ, ಸೀಲು ಒತ್ತಿ, ಕೊಟ್ಟ ಚಹಾ ಕುಡಿದು ಹೊರಡುತ್ತಿದ್ದರು. ಇವರು ಹಾಗಲ್ಲ. ಕಲ್ಲು ಇಟ್ಟ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಮ್ಮ ಉಸಿರು ತಾಗಿ ತಟ್ಟೆ ಅಲುಗಬಾರದೆಂದು ಉಸಿರು ಬಿಗಿಹಿಡಿದು, ಮನಸ್ಸಿನಲ್ಲೇ ಒಂದರಿಂದ ಹತ್ತರವರೆಗೆ ಎಣಿಸಿ, ಆಮೇಲೆ ಮುಳ್ಳು ನೋಡುತ್ತಿದ್ದರು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಒಮ್ಮೆಯೂ ಒಂಬತ್ತಕ್ಕೆ ನೋಡಿದವರಲ್ಲ, ಹನ್ನೊಂದರವರೆಗೆ ಕಾದವರೂ ಅಲ್ಲ.

ಇಂಥ ತಾಳ್ಮೆಯ ಮನುಷ್ಯರ ಮನೆಗೆ ಒಂದು ಸೋಮವಾರ ಮಗಳ ಚೀಲದಲ್ಲಿ ಶಾಲೆಯ ಚೀಟಿ ಬಂತು. ಮಗಳಿಗೆ ಐದು ವರ್ಷ ಹತ್ತು ತಿಂಗಳು. ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಹೆಸರಿಟ್ಟ ಕಾಲಕ್ಕೆ ಅವಳು ತೊಟ್ಟಿಲಲ್ಲಿ ಚಿಲಿಪಿಲಿ ಎನ್ನುತ್ತಿದ್ದದ್ದು ನಿಜ. ಚೀಟಿಯ ಪ್ರಕಾರ ಈಗ ತರಗತಿಯಲ್ಲಿ ಅವಳು ಪ್ರಶ್ನೆ ಕೇಳಿದರೆ ಮುಖ ನೋಡುತ್ತಾಳೆ, ಉತ್ತರ ಹೇಳುವುದಿಲ್ಲ. ಇಪ್ಪತ್ತೊಂದು ದಿನ ಬಿಟ್ಟು ತಂದೆ ತಾಯಿಯ ಎದುರಿನಲ್ಲೇ ಅವಳಿಗೆ ಕೆಲವು ಪ್ರಶ್ನೆ ಕೇಳಲಾಗುವುದು. ಒಂದಕ್ಕಾದರೂ ಬಾಯಿಬಿಟ್ಟು ಉತ್ತರ ಹೇಳಿದರೆ ಒಂದನೇ ತರಗತಿ, ಇಲ್ಲವಾದರೆ ಇನ್ನೊಂದು ವರ್ಷ ಶಿಶು ತರಗತಿಯಲ್ಲೇ. ಜೊತೆಗೆ, ಮಕ್ಕಳ ಮಾತಿಗೆ ಮನೆಯಲ್ಲಿ ಹೇಗೆ ನೆರವಾಗಬೇಕು ಎಂದು ವಿವರಿಸುವ ಒಂದು ಕರಪತ್ರವಿತ್ತು.

ಜೊತೆಯ ಮಕ್ಕಳೆಲ್ಲ ಮುಂದಿನ ಕೋಣೆಗೆ ಹೋಗಿ, ತನ್ನ ಮಗಳೊಬ್ಬಳು ಎದೆಗೆ ಕರವಸ್ತ್ರ ಪಿನ್ನು ಹಾಕಿಕೊಂಡ ಚಿಕ್ಕ ಮಕ್ಕಳ ನಡುವೆ ಉದ್ದಕ್ಕೆ ಕುಳಿತ ದೃಶ್ಯ ಸಾಹೇಬರ ಕಣ್ಣ ಮುಂದೆ ಬಂತು. ಅವರು ಕರಪತ್ರವನ್ನು ಮೂರು ಸಲ ಓದಿದರು. ಮನೆಯಲ್ಲಿ ನೀವು ಮಾಡುವ ಪ್ರತಿಯೊಂದು ಕೆಲಸವನ್ನೂ ಮಗುವಿಗೆ ಕೇಳುವಂತೆ ಹೇಳುತ್ತಾ ಮಾಡಿ ಎಂದಿತ್ತು. ಮಗು ಮಾಡುತ್ತಿರುವುದನ್ನೂ ಮಾತಿನಲ್ಲಿ ಹೇಳಿ ಎಂದಿತ್ತು. ಆಗಾಗ ಪ್ರಶ್ನೆ ಕೇಳಿ ಎಂದಿತ್ತು. ಅಲ್ಲಿಗೆ ಪುಟ ಮುಗಿದಿತ್ತು.

ಕರಪತ್ರವನ್ನು ಅಡಿಗೆಮನೆಯ ಗೋಡೆಗೆ ಅಂಟಿಸುವುದೆಂದು ತೀರ್ಮಾನವಾಯಿತು. ಆದರೆ ಕಾಗದದ ಕೆಳಗಿನ ಅಂಚು ಎರಡು ಮಿಲಿಮೀಟರಿನಷ್ಟು ಓರೆಯಾಗಿತ್ತು. ಓರೆ ಕಾಗದವನ್ನು ದಿನವೂ ನೋಡಿಕೊಂಡಿರುವುದು ಸಾಹೇಬರಿಂದ ಆಗುವ ಮಾತಲ್ಲ. ಸ್ಕೇಲು ಇಟ್ಟು ಗೆರೆ ಎಳೆದು ಒಂದು ಬೆರಳಗಲದ ಪಟ್ಟಿಯನ್ನು ಕತ್ತರಿಸಿ ತೆಗೆದರು. ಆ ಪಟ್ಟಿಯಲ್ಲಿ ಸಣ್ಣ ಅಕ್ಷರದ ಎರಡು ಪದಗಳಿದ್ದವು. ಅವು ಕಸದ ಬುಟ್ಟಿಗೆ ಹೋದವು. ಆ ಎರಡು ಪದಗಳ ವಿಚಾರ ಕೊನೆಗೆ ಬರುತ್ತದೆ, ಓದುಗರು ನೆನಪಿಟ್ಟುಕೊಂಡರೆ ಸಾಕು.

ಸಾಹೇಬರ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವರು. ದಿನವಿಡೀ ಜನರ ಜೊತೆ ಮಾತಾಡಿ ಮಾತಾಡಿ, ಮನೆಗೆ ಬಂದರೆ ಅರ್ಧ ಮಾತಿನಲ್ಲಿ ಕೆಲಸ ಮುಗಿಸುತ್ತಿದ್ದರು. ಗಂಡ ಕಾಗದದ ಬೆನ್ನಿಗೆ ಮೂಲೆ ಮೂಲೆಗೂ ಗೋಂದು ಬಳಿಯುವುದನ್ನು ನೋಡಿ ಕೇಳಿದರು, "ರೀ, ಹಿಂದೆ ಏನಿದೆ?"

"ಹಿಂದೆ ಗೋಂದಿದೆ," ಎಂದರು ಸಾಹೇಬರು.

ಮರುದಿನದಿಂದ ಪ್ರಯೋಗ ಶುರುವಾಯಿತು. ಪ್ರಯೋಗ ಎಂದ ಮೇಲೆ ದಾಖಲೆ ಬೇಕು. ಸಾಹೇಬರು ಒಂದು ಹೊಸ ನೋಟುಬುಕ್ಕಿಗೆ ಗೆರೆ ಹೊಡೆದು, ಸಮಯಕ್ಕೊಂದು ಕಾಲಂ, ತಾವು ಹೇಳಿದ್ದಕ್ಕೊಂದು ಕಾಲಂ, ಗುಬ್ಬಿ ಆಡಿದ ಮಾತಿನ ಸಂಖ್ಯೆಗೊಂದು ಕಾಲಂ ಮಾಡಿದರು. ಬೆಳಿಗ್ಗೆ ಆರೂವರೆಗೆ ಬಚ್ಚಲಿನಿಂದ ಅವರ ದನಿ ಕೇಳಿತು.

"ಈಗ ಅಪ್ಪ ಬ್ರಷ್ ತಗೊಂಡ. ಈಗ ಅಪ್ಪ ಹಲ್ಲುಜ್ತಾ ಇದ್ದಾನೆ. ಗುಬ್ಬಿ ಬಾಗಿಲ ಹತ್ರ ನಿಂತಿದ್ದಾಳೆ. ಅಪ್ಪ ಯಾವ ಕೈಯಲ್ಲಿ ಉಜ್ತಿದ್ದಾನೆ ಹೇಳು? ಬಲಗೈ. ಜಾಣೆ."

ಗುಬ್ಬಿ ಬಾಯಿ ತೆರೆದಿದ್ದಳು. ಉತ್ತರ ಬಂದಾಗಿತ್ತಾದ್ದರಿಂದ ಮುಚ್ಚಿಕೊಂಡಳು. ಸಾಹೇಬರು ಬ್ರಷ್ಷು ಬಾಯಲ್ಲಿದ್ದಂತೆಯೇ ಪೆನ್ಸಿಲ್ ತೆಗೆದು ಬರೆದರು: ಗುಬ್ಬಿಯ ಮಾತು, ಸೊನ್ನೆ.

ಮೊದಲ ವಾರ ಸೊನ್ನೆಗಳೇ ಸೊನ್ನೆಗಳು. ಮಧ್ಯದಲ್ಲೊಂದು ದಿನ 'ನಾಲ್ಕು' ಎಂದಿತ್ತು. ಅದು ಗುಬ್ಬಿ "ಅಪ್ಪ, ಕಾಲು ತೆಗಿ, ನೋಯತ್ತೆ" ಎಂದದ್ದು. ಸಾಹೇಬರು ಅದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಔಷಧಿ ಕೆಲಸ ಮಾಡದಿದ್ದರೆ ಪ್ರಮಾಣ ಹೆಚ್ಚಿಸಬೇಕು ಎಂಬುದು ಸಾಹೇಬರ ತರ್ಕ. ಎರಡನೇ ವಾರದಿಂದ ಅವರು ದನಿ ಏರಿಸಿದರು. ಆ ಸಂಜೆ ಅಡಿಗೆಮನೆಯಲ್ಲಿ ಬೀಟ್‌ರೂಟ್ ಹೆಚ್ಚುತ್ತಾ, ಮಗಳ ಕಿವಿಗೆ ಸ್ಪಷ್ಟವಾಗಿ ಬೀಳಲೆಂದು ಒಂದೊಂದು ಮಾತನ್ನೂ ಬಿಡಿಸಿ ಹೇಳಿದರು. "ಈಗ ಅಪ್ಪ ಚಾಕು ತಗೊಂಡ. ಮೊದಲು ತಲೆ ಕತ್ತರಿಸ್ತಾನೆ. ಈಗ ಬಾಲ. ಒಳಗೆ ಯಾವ ಬಣ್ಣ ಹೇಳು? ಕೆಂಪು. ಜಾಣೆ. ನೋಡು ಕೈಯೆಲ್ಲಾ ಹೇಗೆ ಕೆಂಪಾಯ್ತು. ಅಮ್ಮ ಬರೋದರೊಳಗೆ ನೆಲ ಒರೆಸಿಬಿಡೋಣ."

ಕಿಟಕಿ ತೆರೆದಿತ್ತು. ಕಿಟಕಿಯ ನೇರ ಕೆಳಗೆ, ಕೆಳಮನೆಯ ಪಡಸಾಲೆಯಲ್ಲಿ ನ್ಯಾಯಾಲಯದ ನಿವೃತ್ತ ಶೀಘ್ರಲಿಪಿಗಾರರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮೂವತ್ತೈದು ವರ್ಷ ಬೇರೆಯವರು ಆಡಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡ ಮನುಷ್ಯ, ತಾನಾಗಿ ಆಡಿದ್ದು ಕಡಿಮೆ. ಐದೇ ನಿಮಿಷದಲ್ಲಿ ಅವರು ಮೇಲಿನ ಮನೆಯ ಬಾಗಿಲಲ್ಲಿ ನಿಂತಿದ್ದರು. ಸಾಹೇಬರ ಕೆಂಪು ಕೈ ನೋಡಿದರು, ಚಾಕು ನೋಡಿದರು, ಸಾಹೇಬರನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು ಗುಬ್ಬಿಯ ತಲೆಯನ್ನು ಮುಟ್ಟಿ ನೋಡಿದರು. ಆಮೇಲೆ ಬೀಟ್‌ರೂಟನ್ನು ನೋಡಿದರು. ಇಳಿದು ಹೋದರು.

ಮರುದಿನ ಸಂಜೆ ಸಾಹೇಬರು ಕಿಟಕಿಯಿಂದ ಬಗ್ಗಿ ನೋಡಿದಾಗ ಕೆಳಗೆ ಕಂಡದ್ದು ಒಂದು ಬೋಳುತಲೆ, ತೊಡೆಯ ಮೇಲೊಂದು ಪುಸ್ತಕ, ಅದರ ಮೇಲೆ ಓಡುತ್ತಿದ್ದ ಪೆನ್ಸಿಲು. ಅದರ ಮರುದಿನವೂ ಅದೇ. ಕಿಟಕಿಯ ಚಪ್ಪಡಿ ಅಡ್ಡವಿದ್ದದ್ದರಿಂದ ಬೇರೇನೂ ಕಾಣುತ್ತಿರಲಿಲ್ಲ. ಪೆನ್ಸಿಲು ಮಾತ್ರ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು.

"ನನ್ನ ಮೇಲೆ ದೂರು ಬರೀತಿದ್ದಾರೆ ಕಣೇ," ಎಂದರು ಸಾಹೇಬರು ಹೆಂಡತಿಗೆ, ಮುಖ ಬಿಳಿಚಿಕೊಂಡು. "ನಾನಾಡಿದ್ದೆಲ್ಲಾ ದಾಖಲಾಗ್ತಿದೆ."

"ಹಾಗಾದ್ರೆ ಸ್ವಲ್ಪ ಕಡಿಮೆ ಆಡಿ," ಎಂದರು ಹೆಂಡತಿ.

ಅದೊಂದು ಆಗದ ಮಾತಾಗಿತ್ತು. ದಿನಕ್ಕೆ ಹದಿನಾಲ್ಕು ಗಂಟೆ ಹೇಳುತ್ತಾ ಮಾಡಿ, ಈಗ ಹೇಳದೆ ಮಾಡುವುದೇ ಅವರಿಗೆ ಮರೆತಿತ್ತು. ಬಸ್ಸಿನಲ್ಲಿ ಪಕ್ಕದವರಿಗೆ ಕೇಳುವಂತೆ "ಈಗ ಅಪ್ಪ ಇಳೀತಾನೆ" ಎಂದು ಇಳಿಯುತ್ತಿದ್ದರು. ಕಚೇರಿಯ ಮೆಟ್ಟಿಲು ಹತ್ತುವಾಗ ಮೆಟ್ಟಿಲೆಣಿಸುತ್ತಿದ್ದರು. ಹನ್ನೊಂದನೇ ದಿನ ದೊಡ್ಡ ದಿನಸಿ ಅಂಗಡಿಯೊಂದರ ತಕ್ಕಡಿಯನ್ನು ಪರೀಕ್ಷಿಸುವ ಸರದಿ. ಅಂಗಡಿ ತುಂಬ ಗಿರಾಕಿಗಳು.

"ಈಗ ಅಪ್ಪ ಐದು ಕಿಲೋ ಕಲ್ಲು ಇಡ್ತಾನೆ," ಎಂದರು ಸಾಹೇಬರು.

ಅಂಗಡಿಯವರು ಸುತ್ತ ನೋಡಿದರು. "ಯಾರ ಅಪ್ಪ ಸ್ವಾಮಿ?"

ಸಾಹೇಬರಿಗೆ ಅದು ಕೇಳಿಸಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಆದರೆ ಮನಸ್ಸಿನಲ್ಲಿ ನಡೆಯಬೇಕಾದ ಕೆಲಸವೂ ಈಗ ಬಾಯಿಗೆ ಬಂದಿತ್ತು. "ಅಪ್ಪ ಎಣಿಸ್ತಾನೆ. ಒಂದು, ಎರಡು, ಮೂರು. ಈಗ ಅಂಗಡಿಯವರು ಮೆಲ್ಲಗೆ ಮುಂದೆ ಬಂದರು. ಮೇಜಿನ ಕೆಳಗಿಂದ ಹೆಬ್ಬೆರಳಿನಲ್ಲಿ ತಟ್ಟೆ ಎತ್ತಿ ಹಿಡಿದಿದ್ದಾರೆ. ಯಾವ ಕೈ? ಎಡಗೈ. ಜಾಣೆ. ನಾಲ್ಕು, ಐದು."

ಅಷ್ಟೂ ಗಿರಾಕಿಗಳು ಬಗ್ಗಿ ಮೇಜಿನ ಕೆಳಗೆ ನೋಡಿದರು. ಹೆಬ್ಬೆರಳು ಅಲ್ಲೇ ಇತ್ತು.

ಅಂಗಡಿಯವರ ದೂರು ಸಾಹೇಬರಿಗಿಂತ ಮೊದಲೇ ಕಚೇರಿ ತಲುಪಿತು. ತಾವು ಮಾಡಿದ್ದು ತಪ್ಪೋ ಸರಿಯೋ ಎಂಬುದು ಅವರ ದೂರಿನಲ್ಲಿರಲಿಲ್ಲ, ಪರಿವೀಕ್ಷಕರ ಬುದ್ಧಿ ಸ್ತಿಮಿತದಲ್ಲಿಲ್ಲ ಎಂದಷ್ಟೇ ಇತ್ತು. ಮೇಲಧಿಕಾರಿಗಳು ಕರೆಸಿ ಮಾತಾಡಿದರು. ಅಲ್ಲ, ಮಾತಾಡಲು ನೋಡಿದರು. ಅವರು ಕನ್ನಡಕ ತೆಗೆದಾಗ ಸಾಹೇಬರು "ಈಗ ಕನ್ನಡಕ ತೆಗೆದರು" ಎಂದರು. ಅವರು ಎದ್ದು ನಿಂತಾಗ "ಎದ್ದರು" ಎಂದರು. ಅವರ ಮುಖ ಕೆಂಪಗಾದಾಗ ಸಾಹೇಬರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರೂ ಬೆರಳ ಸಂದಿಯಿಂದ "ಇದಕ್ಕೆ ಏನಂತಾರೆ? ಕೋಪ" ಎಂಬುದು ನುಸುಳಿಬಿಟ್ಟಿತು.

ಮೇಲಧಿಕಾರಿಗಳು ಕುಳಿತರು. ರಜೆಯ ಅರ್ಜಿಯನ್ನು ತಾವೇ ಬರೆದು ಸಾಹೇಬರ ಮುಂದೆ ಸರಿಸಿದರು. "ಸಹಿ ಹಾಕಿ, ಮನೆಗೆ ಹೋಗಿ. ಸುಮ್ಮನಿರೋದು ಮತ್ತೆ ಬಂದ ಮೇಲೆ ಬನ್ನಿ."

"ಈಗ ಅಪ್ಪ ಸಹಿ ಹಾಕ್ತಾನೆ," ಎಂದರು ಸಾಹೇಬರು, ಕಣ್ಣಲ್ಲಿ ನೀರು ತುಂಬಿಕೊಂಡು.

ರಜೆಯ ಒಂದೇ ಲಾಭವೆಂದರೆ ಪ್ರಯೋಗಕ್ಕೆ ಪೂರ್ತಿ ದಿನ ಸಿಕ್ಕಿತು. ಗುಬ್ಬಿ ಶಾಲೆಯಿಂದ ಬಂದು ಬೂಟು ಬಿಚ್ಚುವುದರಿಂದ ಹಿಡಿದು ಹಾಲು ಕುಡಿದು ಮೀಸೆ ಒರೆಸಿಕೊಳ್ಳುವವರೆಗೆ ಒಂದೂ ಬಿಡದೆ ಹೇಳಿದರು. ನಾಲ್ಕು ಗಂಟೆಗೆ ಅವಳು ಚಪ್ಪಲಿ ಮೆಟ್ಟಿಕೊಂಡು ಕೆಳಗಿನ ಅಂಗಳಕ್ಕೆ ಆಡಲು ಹೋಗುತ್ತಿದ್ದಳು. ಐದಕ್ಕೆ ಬರುತ್ತಿದ್ದಳು. ಗಂಟಲು ಬಿದ್ದುಹೋಗಿದ್ದ ಸಾಹೇಬರು ಆ ಒಂದು ಗಂಟೆ ಬಿಸಿನೀರು ಮುಕ್ಕಳಿಸುತ್ತಾ, ನೋಟುಬುಕ್ಕಿನಲ್ಲಿ 'ಆಟ, ಮಾತು ಸೊನ್ನೆ' ಎಂದು ಬರೆದು, ಕಿಟಕಿಯಿಂದ ಬಗ್ಗಿ ಬೋಳುತಲೆಯನ್ನೂ ಪೆನ್ಸಿಲನ್ನೂ ನೋಡುತ್ತಿದ್ದರು. ಅವರಿಗೆ ಒಂದು ಅರ್ಥವಾಗಲಿಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದಾಗಲೂ ಆತ ಬರೆಯುವುದೇನನ್ನು? ಬಹುಶಃ ನಕಲು ತೆಗೆಯುತ್ತಿರಬೇಕು. ಒಂದು ಪ್ರತಿ ಮನೆ ಮಾಲೀಕರಿಗೆ, ಒಂದು ಇಲಾಖೆಗೆ, ಒಂದು ಶಾಲೆಗೆ. ಶಾಲೆಗೆ ಹೋದರೆ ಗುಬ್ಬಿಯ ಗತಿ ಏನು? ತಲೆ ಕೆಟ್ಟ ತಂದೆಯ ಮಗಳು ಎಂದು ಷರಾ ಬರೆದರೆ ಒಂದನೇ ತರಗತಿಯ ಬಾಗಿಲು ಮುಚ್ಚಿದಂತೆಯೇ.

ಹದಿನೆಂಟನೇ ದಿನ ಸಹಿಸಲಾರದೆ ಕೆಳಗಿಳಿದು ಹೋಗಿ ಬಾಗಿಲು ತಟ್ಟಿದರು. ಶೀಘ್ರಲಿಪಿಗಾರರು ಬಾಗಿಲನ್ನು ಒಂದು ಗೇಣು ತೆರೆದು, ತಮ್ಮ ಮೈಯಿಂದ ಸಂದಿ ಮುಚ್ಚಿ ನಿಂತರು. ಕಿವಿಯ ಮೇಲೆ ಪೆನ್ಸಿಲಿತ್ತು.

"ಸಾರ್," ಎಂದರು ಸಾಹೇಬರು, ಹೊರಡದ ದನಿಯಲ್ಲಿ. "ನನ್ನಿಂದ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳಿ. ಮಗುವಿನ ಭವಿಷ್ಯದ ಪ್ರಶ್ನೆ. ನೀವು ಬರೀತಿರೋದನ್ನ ದಯವಿಟ್ಟು ಇಲ್ಲಿಗೇ ನಿಲ್ಲಿಸಿಬಿಡಿ."

ಹಿರಿಯರು ಒಮ್ಮೆ ಹಿಂದಕ್ಕೆ ತಿರುಗಿ ಒಳಗೆ ನೋಡಿದರು. ಮತ್ತೆ ಇವರತ್ತ ತಿರುಗಿದರು. "ಇನ್ನೂ ಮುಗಿದಿಲ್ಲ," ಎಂದರು. "ಮುಗಿದ ಮೇಲೆ ನಾನೇ ತರ್ತೀನಿ."

ಬಾಗಿಲು ಮುಚ್ಚಿತು. ಸಾಹೇಬರು ಹತ್ತು ಮೆಟ್ಟಿಲು ಹತ್ತಲು ಎರಡು ಸಲ ಕುಳಿತರು.

ಇಪ್ಪತ್ತೊಂದನೇ ದಿನ ಶಾಲೆಗೆ ಹೊರಟಾಗ ಶೀಘ್ರಲಿಪಿಗಾರರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಕಂಕುಳಲ್ಲಿ ಮೂರು ಪುಸ್ತಕ ಇಟ್ಟುಕೊಂಡು ಗೇಟಿನ ಬಳಿ ನಿಂತಿದ್ದರು. ಯಾರೂ ಕರೆಯಲಿಲ್ಲ. ಅವರೂ ಕೇಳಲಿಲ್ಲ. ಗುಬ್ಬಿ ಹೋಗಿ ಅವರ ಬೆರಳು ಹಿಡಿದುಕೊಂಡಳು. ಸಾಹೇಬರಿಗೆ ಅದು ಆರೋಪಿಯ ಮಗುವೇ ಸಾಕ್ಷಿಯ ಕೈ ಹಿಡಿದಂತೆ ಕಂಡಿತು. ದಾರಿಯುದ್ದಕ್ಕೂ ತುಟಿ ಕಚ್ಚಿಕೊಂಡೇ ನಡೆದರು. ಎರಡೇ ಎರಡು ಸಲ "ಈಗ ಅಪ್ಪ ರಸ್ತೆ ದಾಟ್ತಾನೆ" ಎಂಬುದು ತಪ್ಪಿಸಿಕೊಂಡು ಹೊರಬಿತ್ತು.

ಶಾಲೆಯ ಕೋಣೆಯಲ್ಲಿದ್ದದ್ದು ಮಕ್ಕಳ ಕುರ್ಚಿಗಳು. ಕುಳಿತರೆ ಸಾಹೇಬರ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಟೀಚರ್ ಒಂದು ನಮೂನೆ ಬಿಚ್ಚಿಟ್ಟುಕೊಂಡು ಗುಬ್ಬಿಯತ್ತ ನಕ್ಕು ಕೇಳಿದರು, "ಪುಟ್ಟ, ಬೆಳಿಗ್ಗೆ ಎದ್ದು ಏನೇನು ಮಾಡ್ದೆ?"

ಗುಬ್ಬಿ ಟೀಚರ ಮುಖ ನೋಡಿದಳು. ಒಂದು ಸೆಕೆಂಡು ಕಳೆಯಿತು. ಆ ಒಂದು ಸೆಕೆಂಡಿನಲ್ಲಿ ಸಾಹೇಬರು ಬೆವರಿಬಿಟ್ಟರು. "ಹಲ್ಲುಜ್ಜಿದಳು," ಎಂದರು. "ಬಲಗೈಯಲ್ಲಿ."

ಟೀಚರ್ ಮಗುವನ್ನು ಹೇಳಲು ಬಿಡಿ ಎಂದರು. ಸಾಹೇಬರು ಒಪ್ಪಿದರು. ನಿನ್ನ ಗೆಳತಿ ಯಾರು ಎಂದು ಕೇಳಿದ್ದಕ್ಕೆ, ಕಿಟಕಿ ಪಕ್ಕ ಕೂರುವ ಹುಡುಗಿ ಎಂದು ಸಾಹೇಬರೇ ಹೇಳಿದರು. ನಿನಗೆ ಯಾವ ಬಣ್ಣ ಇಷ್ಟ ಎಂದದ್ದಕ್ಕೆ, ಹೆಂಡತಿ ಕಾಲು ತುಳಿದರೂ ಸಾಹೇಬರ ಬಾಯಿಂದ ಕೆಂಪು ಎಂದು ಬಿದ್ದಾಗಿತ್ತು. ಟೀಚರ್ ನಿಟ್ಟುಸಿರಿಟ್ಟು ನಮೂನೆಯಲ್ಲಿ ಮೂರು ಸಲ 'ಉತ್ತರಿಸಲಿಲ್ಲ' ಎಂದು ಬರೆದರು. ಮೂರನೆಯದರ ಕೊನೆಯ ಅಕ್ಷರಕ್ಕೆ ಬಂದಾಗ ಹಿಂದಿನಿಂದ ಕೆಮ್ಮು ಕೇಳಿತು.

"ಅಪ್ಪಣೆಯಾದರೆ ದಾಖಲೆ ಓದ್ತೀನಿ," ಎಂದರು ಶೀಘ್ರಲಿಪಿಗಾರರು.

ಸಾಹೇಬರು ಕಣ್ಣು ಮುಚ್ಚಿದರು. ಮುಗಿಯಿತು ಎಂದುಕೊಂಡರು.

ಹಿರಿಯರು ಮೊದಲ ಪುಸ್ತಕ ಬಿಚ್ಚಿ, ನ್ಯಾಯಾಲಯದಲ್ಲಿ ಓದುವ ಏರಿಳಿತವಿಲ್ಲದ ದನಿಯಲ್ಲಿ ಶುರು ಮಾಡಿದರು.

"ಸಂಜೆ ನಾಲ್ಕು ಗಂಟೆ ಐದು ನಿಮಿಷ. ಸ್ಥಳ, ಪಡಸಾಲೆ. ಹುಡುಗಿ ಹೇಳಿದ್ದು. ತಾತ, ನಮ್ಮಪ್ಪಂಗೆ ಏನೋ ಆಗಿದೆ. ಹಲ್ಲುಜ್ಜುವಾಗ ಹಲ್ಲುಜ್ತೀನಿ ಅಂತಾನೆ. ನಂಗೆ ಕಾಣ್ತಿರತ್ತೆ. ಅವನಿಗೇ ಕಾಣಲ್ವೋ ಏನೋ. ಕನ್ನಡಕ ಕೊಡಿಸ್ಬೇಕು. ನೀನು ಯಾರಿಗೂ ಹೇಳ್ಬೇಡ, ಬರ್ಕೋ ಅಷ್ಟೆ."

ಪುಟ ಮಗುಚಿತು.

"ಮರುದಿನ. ಅದೇ ಸ್ಥಳ. ಅಪ್ಪ ಬೀಟ್‌ರೂಟ್ ಯಾವ ಬಣ್ಣ ಅಂದ. ನಾನು ಯೋಚ್ನೆ ಮಾಡ್ದೆ. ಅದು ಕೆಂಪಲ್ಲ ತಾತ, ನೇರಳೇನೂ ಅಲ್ಲ. ಒಳಗೆ ಉಂಗುರ ಉಂಗುರ ಇರತ್ತೆ, ಒಂದು ಬಿಳೀದು ಒಂದು ಕಪ್ಪು. ಅದನ್ನ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಕೆಂಪು ಅಂದ್ಬಿಟ್ಟ. ಆಮೇಲೆ ಜಾಣೆ ಅಂದ. ನಾನು ಹೇಳ್ಲೇ ಇಲ್ಲ, ನಾನು ಹೇಗೆ ಜಾಣೆ?"

ಸಾಹೇಬರು ಕಣ್ಣು ತೆರೆದಿದ್ದರು. ಹೆಂಡತಿ ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದರು, ನಗುವೋ ಅಳುವೋ ತಿಳಿಯುವಂತಿರಲಿಲ್ಲ. ಹಿರಿಯರು ಮೂರನೇ ಪುಸ್ತಕದ ಕೊನೆಯ ಪುಟಕ್ಕೆ ಬಂದರು.

"ನಿನ್ನೆ. ನಾಲ್ಕು ಗಂಟೆ ಐವತ್ತು ನಿಮಿಷ. ಅಪ್ಪ ಅಂಗಡಿ ತಕ್ಕಡಿಗೆ ಹತ್ತು ಎಣಿಸ್ತಾನೆ ತಾತ. ನಂಗೆ ಒಂದೂ ಎಣಿಸಲ್ಲ." ಅವರು ಪುಸ್ತಕ ಮುಚ್ಚಿದರು. "ಓದಿ ಹೇಳಿದ್ದು ಸರಿ ಇದೆ ಅಂತ ಹುಡುಗಿ ಒಪ್ಪಿದ್ದಾಳೆ. ಒಟ್ಟು ನೂರಾ ನಲವತ್ತು ಪುಟ."

ಸಾಹೇಬರು ತಮ್ಮ ನೋಟುಬುಕ್ಕನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದರು.

ಟೀಚರ್ ಪೆನ್ನನ್ನು ಮೇಜಿನ ಮೇಲಿಟ್ಟರು, ಅದು ಉರುಳಿಕೊಂಡು ಹೊರಟಿತು, ಹಿಡಿದು ಮತ್ತೆ ಎತ್ತಿಕೊಂಡರು. ಆಮೇಲೆ, ದಾಖಲೆ ಚೆನ್ನಾಗಿದೆ, ಆದರೆ ನಿಯಮದ ಪ್ರಕಾರ ಮಗು ಈ ಕೋಣೆಯಲ್ಲೇ ಬಾಯಿಬಿಟ್ಟು ಒಂದು ಉತ್ತರವಾದರೂ ಹೇಳಬೇಕು ಎಂದರು. ಇನ್ನೊಂದು ಪ್ರಶ್ನೆ ಕೇಳುತ್ತೇನೆ, ಅದೇ ಕೊನೆಯದು ಎಂದರು. ಕೇಳುವ ಮುಂಚೆ ಸಾಹೇಬರತ್ತ ತಿರುಗಿದರು. "ನಾವು ಕಳಿಸಿದ ಕರಪತ್ರದ ಹಿಂದಿನ ಪುಟ ಓದಿದ್ರಾ?"

"ಹಿಂದಿನ ಪುಟ," ಎಂದರು ಸಾಹೇಬರು, "ಗೋಡೆಗಿದೆ."

ಟೀಚರ್ ಕಪಾಟಿನಿಂದ ಇನ್ನೊಂದು ಪ್ರತಿ ತೆಗೆದುಕೊಟ್ಟರು. ಕೆಳಗಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 'ಪುಟ ತಿರುಗಿಸಿ' ಎಂದಿತ್ತು. ಸಾಹೇಬರು ತಿರುಗಿಸಿದರು. ಆ ಪುಟದಲ್ಲಿ ಇದ್ದದ್ದು ಒಂದೇ ಸಲಹೆ, ದಪ್ಪ ಅಕ್ಷರದಲ್ಲಿ. ಪ್ರಶ್ನೆ ಕೇಳಿದ ಮೇಲೆ ನೀವು ಸುಮ್ಮನಿರಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಮಗು ಯೋಚಿಸುತ್ತಿರುತ್ತದೆ.

ಹತ್ತೊಂಬತ್ತು ವರ್ಷ ಊರಿನ ಅಷ್ಟೂ ತಕ್ಕಡಿಗಳಿಗೆ ಮಾಡಿದ ಉಪಚಾರವದು. ಸಾಹೇಬರ ಕಿವಿಯವರೆಗೂ ಕೆಂಪೇರಿತು. ಅವರು ಎದ್ದು ಎರಡು ಹೆಜ್ಜೆ ಹಿಂದೆ ಸರಿದರು. ಉಸಿರು ಬಿಗಿಹಿಡಿದರು.

"ಗುಬ್ಬಿ," ಎಂದರು ಟೀಚರ್, "ಈ ಕೋಣೇಲಿ ನಿಂಗೆ ಏನೇನು ಕಾಣ್ತಿದೆ?"

ಒಂದು. ಗುಬ್ಬಿ ಟೀಚರನ್ನು ನೋಡಿದಳು. ಎರಡು, ಮೂರು. ಕಪಾಟನ್ನು ನೋಡಿದಳು. ಉತ್ತರ ಸಾಹೇಬರ ನಾಲಗೆಯ ತುದಿಯಲ್ಲಿತ್ತು. ಕಪಾಟು, ಮೇಜು, ಕುರ್ಚಿ, ಜಾಣೆ. ನುಂಗಿದರು. ಐದು. ಗುಬ್ಬಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಏಳು. ಟೀಚರ ಪೆನ್ನು ನಮೂನೆಯ ಕಡೆ ಇಳಿಯಿತು. ಒಂಬತ್ತು. ಹತ್ತು. ಗುಬ್ಬಿ ಸುಮ್ಮನಿದ್ದಳು.

ಸಾಹೇಬರ ಕಿವಿ ಗುಂಯ್ ಎನ್ನುತ್ತಿತ್ತು, ಎದೆ ಒಡೆಯುವಂತಿತ್ತು. ಹತ್ತಕ್ಕೆ ಮುಳ್ಳು ನೋಡುವ ಮನುಷ್ಯ, ನೌಕರಿಗೆ ಸೇರಿದ ಮೇಲೆ ಮೊದಲ ಸಲ ಮುಂದಕ್ಕೆ ಎಣಿಸಿದರು. ಹನ್ನೊಂದು. ಹನ್ನೆರಡು.

"ಟೀಚರ್ ಮೇಜಿಗೆ ಒಂದು ಕಾಲು ಗಿಡ್ಡ ಇದೆ," ಎಂದಳು ಗುಬ್ಬಿ. "ಅದರ ಕೆಳಗೆ ಕಾಗದ ಮಡಚಿ ಇಟ್ಟಿದ್ದೀರಿ. ನಮ್ಮನೆ ಗೋಡೆ ಮೇಲಿರೋ ಕಾಗದಾನೇ ಅದು. ಆದ್ರೂ ಮೇಜು ಆ ಕಡೆ ವಾಲತ್ತೆ, ಅದಕ್ಕೇ ನಿಮ್ಮ ಪೆನ್ನು ಉರುಳ್ತಾ ಹೋಗತ್ತೆ. ಇದರ ಮೇಲೆ ತಕ್ಕಡಿ ಇಟ್ರೆ ನಮ್ಮಪ್ಪ ಸೀಲು ಹಾಕಲ್ಲ. ತಾತನ ಕೋಟಿಗೆ ಗುಂಡಿ ಇಲ್ಲ. ಅಮ್ಮ ನಗ್ತಿದ್ದಾಳೆ. ಇನ್ನೂ ಏನಂದ್ರೆ, ಅಪ್ಪ ಉಸಿರು ಬಿಡ್ತಿಲ್ಲ, ಅವನ ಮುಖ ಬೀಟ್‌ರೂಟ್ ಥರ ಆಗಿದೆ. ಅಪ್ಪ, ಉಸಿರು ಬಿಡು."

ಸಾಹೇಬರು ಉಸಿರು ಬಿಟ್ಟರು. ಮೇಜಿನ ಮೇಲಿದ್ದ ನಮೂನೆ ಹಾರಿ ನೆಲಕ್ಕೆ ಬಿತ್ತು.

ಟೀಚರ್ ಅದನ್ನು ಎತ್ತಿಕೊಂಡು ಮೂರು ಷರಾಗಳನ್ನೂ ಹೊಡೆದುಹಾಕಿ, ಮಗುವಿನ ಹೆಸರಿನ ಮುಂದೆ 'ಒಂದನೇ ತರಗತಿ' ಎಂದು ಬರೆದರು. ಪೋಷಕರಿಗೆ ಸೂಚನೆ ಎಂಬ ಜಾಗದಲ್ಲಿ 'ತಂದೆ ಮೂರು ವಾರ ಬಿಟ್ಟು ಮತ್ತೊಮ್ಮೆ ಬರಬೇಕು' ಎಂದು ಬರೆದರು.

ಮನೆಯ ದಾರಿಯಲ್ಲಿ ಗುಬ್ಬಿಯ ಬಾಯಿಗೆ ಬಿಡುವಿರಲಿಲ್ಲ. ಕಿಟಕಿ ಪಕ್ಕ ಕೂರುವ ಹುಡುಗಿ ತನ್ನ ಗೆಳತಿಯೇ ಅಲ್ಲ, ಅವಳು ರಬ್ಬರು ಕಚ್ಚುತ್ತಾಳೆ ಎಂದಳು. ತನಗೆ ಕೆಂಪು ಬಣ್ಣ ಇಷ್ಟವಿಲ್ಲ ಎಂದಳು. ಯಾವುದು ಇಷ್ಟ ಎಂಬುದಕ್ಕೆ ಬಂದಾಗ ನಡೆಯುವುದನ್ನು ನಿಲ್ಲಿಸಿ, ಆಕಾಶ ನೋಡಿ ಯೋಚಿಸತೊಡಗಿದಳು. ಹೆಂಡತಿ ನಿಂತರು. ಶೀಘ್ರಲಿಪಿಗಾರರು ನಿಂತು ಕಿವಿಯ ಮೇಲಿನ ಪೆನ್ಸಿಲಿಗೆ ಕೈ ಹಾಕಿದರು. ಸಾಹೇಬರೂ ನಿಂತರು. ಐದಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಹಿಂದಿನಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿ ಸುತ್ತು ಹಾಕಿಕೊಂಡು ಹೋದ. ಇಪ್ಪತ್ತೇಳಕ್ಕೆ ಸಾಹೇಬರ ತುಟಿ ತಾನಾಗಿ ಅಲುಗಿತು.

ಗುಬ್ಬಿ ಆಕಾಶದಿಂದ ಕಣ್ಣು ತೆಗೆಯದೆ ಅಪ್ಪನತ್ತ ಒಂದು ಬೆರಳೆತ್ತಿದಳು.

"ಇನ್ನೂ ಮುಗಿದಿಲ್ಲ," ಎಂದಳು. "ಮುಗಿದ ಮೇಲೆ ನಾನೇ ಹೇಳ್ತೀನಿ."